ಶಹರಕ್ಕ ಹೋದಾಗ ಊಟ ಎಲ್ಲಿ? ಓಣಿಯೊಳಗಿನ ಖಾನಾವಳಿ, ಚಹಾದಂಗಡಿ ಹುಡುಕೋದು ಹೆಂಗ

ಅಬ್ಬಿಗೇರಿ: ನಮ್ಮೂರಿಂದ ಮುಂಜಾನೆ ಬಸ್ ಹತ್ತುವವರಿಗೆ ಒಂದೊಂದು ಕೆಲಸ ಇರುತ್ತದೆ. ಒಬ್ಬರು ಗದಗ ಎಪಿಎಂಸಿಗೆ ಮೆಣಸಿನಕಾಯಿ ಧಾರಣಿ ನೋಡಲು, ಇನ್ನೊಬ್ಬರು ಕೋರ್ಟಿನ ತಾರೀಖಿಗೆ, ಮತ್ತೊಬ್ಬರು ಹುಬ್ಬಳ್ಳಿ ಕಿಮ್ಸ್‌ನಲ್ಲಿ ಮಲಗಿರುವ ಸಂಬಂಧಿಕರನ್ನು ನೋಡಲು. ಧಾರವಾಡದಾಗ ರೂಮ್ ಮಾಡಿಕೊಂಡು ಓದುವ ಹುಡುಗರು-ಹುಡುಗಿಯರಂತೂ ಊರಿಗೆ ಬರೋದೇ ಹಬ್ಬಕ್ಕೆ. ಕೆಲಸ ಬೇರೆ ಬೇರೆ ಆದರೂ ಮಧ್ಯಾಹ್ನ ಒಂದು ಗಂಟೆಗೆ ಎಲ್ಲರಿಗೂ ಬರುವ ಪ್ರಶ್ನೆ ಒಂದೇ: "ಊಟಕ್ಕ ಎಲ್ಲಿ ಹೋಗೋಣು?"

ಇದರಾಗ ಬರೆಯುವಂಥದ್ದೇನೈತಿ ಅಂತ ಅನಿಸಬಹುದು. ಆದರೆ ದವಾಖಾನೆಯಲ್ಲಿ ಪೇಷಂಟ್ ಜೊತೆ ನಾಲ್ಕು ದಿನ ಕುಂತವರನ್ನು ಕೇಳಿ ನೋಡಿ. ಹೊರಗಿನ ಊಟ ತುಟ್ಟಿ ಅಂತಲೋ, ಗುರುತಿಲ್ಲದ ಜಾಗ ಅಂತಲೋ ಅವರಲ್ಲಿ ಎಷ್ಟೋ ಜನ ಚಹಾ-ಬಿಸ್ಕೀಟಿನ ಮೇಲೆ ದಿನ ದೂಡಿರುತ್ತಾರೆ. ಪೇಷಂಟ್ ಆರಾಮಾಗಿ ಮನೆಗೆ ಬರುವಷ್ಟರಲ್ಲಿ ಜೊತೆಗಿದ್ದವರು ಹಾಸಿಗೆ ಹಿಡಿದಿರುತ್ತಾರೆ. ಅದೇ ದವಾಖಾನೆಯ ಹಿಂದಿನ ಓಣಿಯಲ್ಲಿ ಬಿಸಿ ರೊಟ್ಟಿ, ಕಾಳು ಪಲ್ಯೆ ಕೊಡುವ ಖಾನಾವಳಿ ಇದ್ದದ್ದು ಗೊತ್ತಾಗೋದು ಡಿಸ್ಚಾರ್ಜ್ ಆಗುವ ದಿನ. ಅದಕ್ಕೇ ಗುರುತಿಲ್ಲದ ಶಹರದಲ್ಲಿ ಹೊಟ್ಟೆಗೂ ಕಿಸೆಗೂ ಹೊಂದುವ ಜಾಗ ಹುಡುಕುವುದು ಹೇಗೆ ಅನ್ನೋದನ್ನು ಇಲ್ಲಿ ಹಂತ ಹಂತವಾಗಿ ನೋಡೋಣ.

ಮೊದಲು ಹೆಸರು ತಿಳ್ಕೊಳ್ರಿ

ಶಹರದಾಗ ಊಟ-ತಿಂಡಿ ಸಿಗುವ ಜಾಗಗಳೆಲ್ಲ ಒಂದೇ ಅಲ್ಲ. ಬೋರ್ಡಿನ ಮೇಲಿನ ಒಂದು ಶಬ್ದದಿಂದಲೇ ಒಳಗೆ ಏನು ಸಿಗುತ್ತದೆ ಅಂತ ಅರ್ಧ ಹೇಳಬಹುದು.

ಖಾನಾವಳಿ ಅಂದರೆ ಊಟದ ಮನೆ. ಈ ಶಬ್ದ ನಮ್ಮ ಕಡೆ ಮರಾಠಿಯಿಂದ ಬಂದು ಬೇರು ಬಿಟ್ಟಿದೆ. ಜೋಳದ ರೊಟ್ಟಿ ಅಥವಾ ಚಪಾತಿ, ಎರಡು ಪಲ್ಯೆ, ಹಿಂಡಿ, ಮೊಸರು, ಕಡೆಗೆ ಅನ್ನ-ಸಾರು. ಮುಂಜಾನೆ ತಿಂಡಿ ಇಲ್ಲಿ ಸಿಗೋದು ಕಡಿಮೆ. "ಲಿಂಗಾಯತ ಖಾನಾವಳಿ", "ಬಸವೇಶ್ವರ ಖಾನಾವಳಿ" ಅಂತ ಬರೆದಿದ್ದರೆ ಶುದ್ಧ ಸಸ್ಯಾಹಾರ ಅಂತ ಅರ್ಥ. ಬಸವೇಶ್ವರ ಖಾನಾವಳಿ ಅನ್ನೋ ಹೆಸರು ಊರೂರಿಗೂ ಇದೆ, ಆದರೆ ಅವೆಲ್ಲ ಒಬ್ಬರವೇ ಅಲ್ಲ. ಹಿಂಗಾಗಿ ಒಂದು ಊರಲ್ಲಿ ಚಲೋ ಇತ್ತಂತ ಇನ್ನೊಂದು ಊರಲ್ಲೂ ಅದೇ ಹೆಸರು ನಂಬಿ ಹೋಗೋದು ಸರಿಯಲ್ಲ.

ಸಾವಜಿ ಖಾನಾವಳಿ ಬೇರೆ. ನೇಕಾರಿಕೆ ಮಾಡಿಕೊಂಡು ಬಂದ ಎಸ್‌ಎಸ್‌ಕೆ, ಅಂದರೆ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಖಾರದ ಮಾಂಸದೂಟ ಇದು. ಹುಬ್ಬಳ್ಳಿಯಲ್ಲೂ ನಮ್ಮ ಗದಗ-ಬೆಟಗೇರಿಯಲ್ಲೂ ಈ ಸಮಾಜದವರು ಬಹಳ ಮಂದಿ ಇದ್ದಾರೆ. ಮಸಾಲಿ ಖಡಕ್ ಇರುತ್ತದೆ. ಹೊಟ್ಟೆ ನಾಜೂಕಾಗಿರುವವರು ಮೊದಲೇ ಖಾರದ ಬಗ್ಗೆ ಕೇಳಿಕೊಳ್ಳುವುದು ಒಳ್ಳೆಯದು.

ಹೋಟೆಲ್ ಅಂದರೆ ನಮ್ಮ ಕಡೆ ಮಾತಿನಲ್ಲಿ ತಿಂಡಿಯ ಜಾಗ. ಇಡ್ಲಿ, ವಡಾ, ಉಪ್ಪಿಟ್ಟು, ಶಿರಾ, ಪೂರಿ, ದೋಸೆ. ಇದರಲ್ಲಿ ಬಹುಪಾಲು ಉಡುಪಿ-ಮಂಗಳೂರು ಸೀಮೆಯಿಂದ ವಲಸೆ ಬಂದ ಹೋಟೆಲಿನವರು ನಮ್ಮ ಕಡೆ ರೂಢಿಗೆ ತಂದದ್ದು. ಫಿಲ್ಟರ್ ಕಾಫಿಯ ರುಚಿ ನಮಗೆ ಹತ್ತಿದ್ದೂ ಅವರ ಹೋಟೆಲುಗಳಲ್ಲೇ.

ಇನ್ನು ಚಹಾದಂಗಡಿ. ಮುಂಜಾನೆ ಚಹಾ, ವಗ್ಗರಣಿ ಅವಲಕ್ಕಿ, ಸುಸಲಾ. ಸಂಜೆ ಗಿರ್ಮಿಟ್, ಮಿರ್ಚಿ, ಗದಗ-ಬೆಟಗೇರಿ ಕಡೆಯಾದರೆ ಬದನೆಕಾಯಿ ಭಜಿ. ಕುಂತು ಮಾತಾಡಲು, ಪೇಪರ್ ಓದಲು, ಊರಿನ ಸುದ್ದಿ ತಿಳಿಯಲು ಇದಕ್ಕಿಂತ ಸೋವಿ ಜಾಗ ಇಲ್ಲ.

ಬೆಂಗಳೂರಿಗೆ ಹೋದವರಿಗೆ ಇನ್ನೊಂದು ನಮೂನಿ ಕಾಣುತ್ತದೆ, ನಿಂತು ತಿನ್ನುವ ದರ್ಶಿನಿ. ಇದು 1980ರ ದಶಕದಲ್ಲಿ ಅಲ್ಲಿ ಶುರುವಾದ ಪದ್ಧತಿ. ಮೊದಲು ದುಡ್ಡು ಕೊಟ್ಟು ಚೀಟಿ ತಗೊಂಡು, ಅದನ್ನು ಕಟ್ಟೆಯ ಮೇಲಿಟ್ಟು, ಪ್ಲೇಟ್ ನೀವೇ ತರಬೇಕು. ನೀಡಲು ಯಾರೂ ಬರೋದಿಲ್ಲ. ಹೊಸದಾಗಿ ಹೋದವರು ಟೇಬಲ್ ಮುಂದೆ ನಿಂತು ದಾರಿ ಕಾಯಬ್ಯಾಡ್ರಿ.

ಖಾನಾವಳಿ ಎಲ್ಲಿ ಇರ್ತಾವ, ಯಾಕ ಅಲ್ಲೇ ಇರ್ತಾವ

ಚಲೋ ಖಾನಾವಳಿ ಎಲ್ಲೆಂದರಲ್ಲಿ ಹುಟ್ಟೋದಿಲ್ಲ. ಮನೆಯಿಂದ ದೂರ ಇದ್ದು ದಿನಾ ಉಣ್ಣಲೇಬೇಕಾದ ಜನ ಎಲ್ಲಿರುತ್ತಾರೋ ಅಲ್ಲಿ ಹುಟ್ಟುತ್ತದೆ. ಇದೊಂದು ಮಾತು ತಿಳಿದರೆ ಯಾವ ಊರಲ್ಲಾದರೂ ಹುಡುಕಬಹುದು.

ಗದಗಿಗೆ 1880ರ ದಶಕದಲ್ಲಿ ರೈಲು ಬಂತು. ಹುಬ್ಬಳ್ಳಿ ಕಡೆಯ ಮಾರ್ಗ, ವಿಜಯಪುರ ದಾಟಿ ಹೋಟಗಿಗೆ ಹೋಗುವ ಮಾರ್ಗ ಎರಡೂ ಇಲ್ಲಿ ಕೂಡಿ ಜಂಕ್ಷನ್ ಆಯಿತು. ಸುತ್ತಲಿನ ಎರೆಭೂಮಿಯ ಹತ್ತಿ ಇಲ್ಲಿಗೆ ಬರುತ್ತಿತ್ತು. ಹತ್ತಿ ಬಂದರೆ ದಲಾಲರು, ಹಮಾಲರು, ಚಕ್ಕಡಿ ಹೊಡೆಯುವವರು, ಲೆಕ್ಕ ಬರೆಯುವವರು ಎಲ್ಲರೂ ಬರುತ್ತಾರೆ. ಅವರ್ಯಾರೂ ಬುತ್ತಿ ಕಟ್ಟಿಕೊಂಡು ವಾರಗಟ್ಟಲೆ ಇರಲಾರರು. ಇಂಥವರ ಹಸಿವಿನಿಂದಲೇ ಸ್ಟೇಷನ್, ಪೇಟೆ, ಗೋದಾಮುಗಳ ಸುತ್ತ ಖಾನಾವಳಿ ಧಂದೆ ಬೆಳೆಯುವುದು.

ಧಾರವಾಡದ ಕಥೆ ಬೇರೆ. ಅಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು, ಮುಂದೆ ವಿಶ್ವವಿದ್ಯಾಲಯ ಬಂತು, ಈಗ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಬಂದಿದೆ. ಸಪ್ತಾಪುರದ ಸುತ್ತಮುತ್ತ ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಯ ಹುಡುಗರು ರೂಮ್ ಮಾಡಿಕೊಂಡಿದ್ದಾರೆ. ಹಿಂಗಾಗಿ ಅಲ್ಲಿಯ ಖಾನಾವಳಿ, ಮೆಸ್ ನಡೆಯೋದು ತಿಂಗಳ ಲೆಕ್ಕದಲ್ಲಿ. ಹುಬ್ಬಳ್ಳಿಯಲ್ಲಿ ರೈಲ್ವೆ, ಮಾರ್ಕೆಟ್ ಮತ್ತು ಕಿಮ್ಸ್. ಸಂಜೆಯ ತಿಂಡಿಗೆ ದುರ್ಗದಬೈಲು.

ಇದರಿಂದ ಹೊರಡುವ ಸೂತ್ರ ಸರಳ. ಬಸ್ ಸ್ಟ್ಯಾಂಡಿನ ಎದುರಿಗೆ ಇರುವ ಹೋಟೆಲಿಗೆ ನೀವು ಇನ್ನೊಮ್ಮೆ ಬರುತ್ತೀರೋ ಇಲ್ಲವೋ ಅನ್ನೋ ಚಿಂತೆ ಕಡಿಮೆ. ನೀವು ಹೋದರೆ ಮುಂದಿನ ಬಸ್ಸಿನಿಂದ ಬೇರೆಯವರು ಇಳಿಯುತ್ತಾರೆ. ಆದರೆ ಎಪಿಎಂಸಿ ಹಿಂದಿನ ಗೇಟಿನ ಖಾನಾವಳಿಯಲ್ಲಿ ಇಂದು ಪಲ್ಯೆ ಹಳಸಿದರೆ ನಾಳೆ ನಲವತ್ತು ಹಮಾಲರು ಬರೋದಿಲ್ಲ. ದಿನಾ ಬರುವ ಗಿರಾಕಿಯ ಅಂಜಿಕೆ ಇದ್ದಲ್ಲಿ ಅಡುಗೆ ನೆಟ್ಟಗಿರುತ್ತದೆ. ಮುಖ್ಯ ರಸ್ತೆ ಬಿಟ್ಟು ಎರಡು ಓಣಿ ಒಳಗೆ ನಡೆಯಿರಿ ಅನ್ನೋದು ಇದಕ್ಕೇ. ಬಾಡಿಗೆ ಕಡಿಮೆ ಇರುವುದರಿಂದ ದರವೂ ಕಡಿಮೆ ಇರುತ್ತದೆ.

ಯಾರನ್ನ ಕೇಳಬೇಕು, ಏನಂತ ಕೇಳಬೇಕು

"ಇಲ್ಲಿ ಚಲೋ ಹೋಟೆಲ್ ಎಲ್ಲೈತ್ರಿ?" ಅಂತ ಕೇಳಿದರೆ ಎದುರಿನವರು ನಿಮ್ಮ ಅಂಗಿ ನೋಡಿ ದೊಡ್ಡ ಬೋರ್ಡಿನ ಹೋಟೆಲ್ ತೋರಿಸುತ್ತಾರೆ. ಅವರು ತಾವು ಅಲ್ಲಿ ಒಮ್ಮೆಯೂ ಉಂಡಿರುವುದಿಲ್ಲ. ಪ್ರಶ್ನೆ ಬದಲಿಸಿ: "ಅಣ್ಣಾರ, ನೀವು ದಿನಾ ಎಲ್ಲಿ ಉಣ್ತೀರಿ?" ಈಗ ಸಿಗುವ ಉತ್ತರ ಬೇರೆಯೇ ಇರುತ್ತದೆ.

ಕೇಳಬೇಕಾದವರು ಯಾರು? ಬಸ್ಸಿನ ಡ್ರೈವರ್-ಕಂಡಕ್ಟರ್, ಎಪಿಎಂಸಿ ಹಮಾಲರು, ಕೋರ್ಟಿನ ಮುಂದೆ ಟೈಪ್ ಮಾಡುವವರು, ಔಷಧಿ ಅಂಗಡಿಯ ಹುಡುಗರು, ದವಾಖಾನೆಯ ಆಯಾಗಳು, ವಾರ್ಡಿನಲ್ಲಿ ನಿಮಗಿಂತ ನಾಲ್ಕು ದಿನ ಮೊದಲು ಬಂದ ಪೇಷಂಟಿನ ಕಡೆಯವರು. ಇವರೆಲ್ಲ ಸಂಬಳ ನೋಡಿಕೊಂಡು ದಿನಾ ಹೊರಗೆ ಉಣ್ಣುವವರು. ಲಾಡ್ಜಿನ ಏಜೆಂಟರು ಹೇಳುವ ಹೋಟೆಲಿನಲ್ಲಿ ಅವರ ಕಮಿಷನ್ನೂ ಇರಬಹುದು, ಅಲ್ಲಿ ಸ್ವಲ್ಪ ವಿಚಾರ ಮಾಡಿ.

ಗದಗಿನ ಜಿಮ್ಸ್‌ಗೆ ಹೋಗುವವರು ಒಂದು ಗಮನದಲ್ಲಿಟ್ಟುಕೊಳ್ಳಬೇಕು. ಅದು ಇರೋದು ಪೇಟೆಯ ನಡುವೆ ಅಲ್ಲ, ಮುಳಗುಂದ ರಸ್ತೆಯಲ್ಲಿ, ಮಲ್ಲಸಮುದ್ರದ ಹತ್ತಿರ. ಹೊತ್ತಲ್ಲದ ಹೊತ್ತಿನಲ್ಲಿ ಪೇಟೆಗೆ ಬಂದು ಉಂಡು ಹೋಗುವುದು ಸುಲಭವಲ್ಲ. ಆದ್ದರಿಂದ ಹೋದ ದಿನವೇ ಮೊದಲ ಕೆಲಸವಾಗಿ ಊಟ, ಬಿಸಿನೀರು, ಹಾಲು ಎಲ್ಲಿ ಸಿಗುತ್ತದೆ, ರಾತ್ರಿ ಎಷ್ಟು ಗಂಟೆಗೆ ಬಂದ್ ಆಗುತ್ತದೆ ಅಂತ ಕೇಳಿಟ್ಟುಕೊಳ್ಳಿ. ಪೇಷಂಟಿಗೆ ಮಾತ್ರ ಡಾಕ್ಟರ್ ಹೇಳಿದ್ದನ್ನೇ ಕೊಡಬೇಕು. ಖಾನಾವಳಿಯ ಖಾರದ ಪಲ್ಯೆ ಅವರಿಗಲ್ಲ.

ಮೊಬೈಲ್ ಇರುವವರು ಮ್ಯಾಪಿನಲ್ಲಿ ಹುಡುಕುತ್ತಾರೆ. ತಪ್ಪೇನಿಲ್ಲ, ಆದರೆ "ರೆಸ್ಟೋರೆಂಟ್" ಅಂತ ಹುಡುಕಿದರೆ ಎಸಿ ಹೋಟೆಲ್ ಮುಂದೆ ಬರುತ್ತವೆ. ಕನ್ನಡದಲ್ಲೇ "ಖಾನಾವಳಿ" ಅಂತ ಹೊಡೆದು ನೋಡಿ, ಬೇರೆ ಪಟ್ಟಿಯೇ ಬರುತ್ತದೆ. ಸ್ಟಾರ್ ಎಷ್ಟು ಅನ್ನೋದಕ್ಕಿಂತ ಜನ ಹಾಕಿದ ಫೋಟೋ ನೋಡಿ. ಇತ್ತೀಚಿನ ಫೋಟೋದಲ್ಲಿ ತಾಟು ಹೆಂಗಿದೆ, ಗೋಡೆಯ ಮೇಲಿನ ದರಪಟ್ಟಿ ಏನು ಹೇಳುತ್ತದೆ ಅನ್ನೋದು ಅದರಲ್ಲೇ ತಿಳಿಯುತ್ತದೆ. ಎಷ್ಟೋ ಸಣ್ಣ ಖಾನಾವಳಿಗಳು ಮ್ಯಾಪಿನಲ್ಲಿ ಇರೋದೇ ಇಲ್ಲ. ನಡೆಸುವವರಿಗೆ ರೊಟ್ಟಿ ಬಡಿಯೋದರಲ್ಲೇ ಹೊತ್ತು ಹೋಗುತ್ತದೆ, ಮೊಬೈಲಿನಲ್ಲಿ ಹೆಸರು ಸೇರಿಸಲು ಪುರಸೊತ್ತೆಲ್ಲಿ? ಮನೆಗೇ ತಂದುಕೊಡುವ ಆ್ಯಪುಗಳು ಹೋಟೆಲಿನವರಿಂದ ಕಮಿಷನ್ ತಗೊಳ್ಳುತ್ತವೆ. ಹಿಂಗಾಗಿ ಅದೇ ಊಟಕ್ಕೆ ಆ್ಯಪಿನಲ್ಲಿ ಹೆಚ್ಚಿನ ದರ ಇರೋದು ಸಾಮಾನ್ಯ. ನಡೆದು ಹೋದರೆ ಆ ದುಡ್ಡು ಉಳಿಯುತ್ತದೆ.

ಬಾಗಿಲಲ್ಲಿ ನಿಂತು ನೋಡಬೇಕಾದದ್ದು

ಒಳಗೆ ಹೋಗಿ ಕೂತ ಮೇಲೆ ಎದ್ದು ಬರಲು ನಮ್ಮ ಮಂದಿಗೆ ಸಂಕೋಚ. ಅದಕ್ಕೆ ಬಾಗಿಲಲ್ಲೇ ಒಂದು ನಿಮಿಷ ನಿಂತು ನೋಡಿ.

ಒಂದು, ಸಪ್ಪಳ. ಊಟದ ಹೊತ್ತಿನಲ್ಲಿ ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿದ್ದರೆ ಬಿಸಿ ರೊಟ್ಟಿ ಖಾತ್ರಿ.

ಎರಡು, ಬುತ್ತಿ ಡಬ್ಬಿ. ಕಟ್ಟೆಯ ಮೇಲೆ ಸಾಲಾಗಿ ಟಿಫಿನ್ ಕ್ಯಾರಿಯರ್ ಇದ್ದರೆ ಆ ಓಣಿಯ ಮಂದಿ ತಿಂಗಳ ಊಟ ಕಟ್ಟಿಸಿಕೊಂಡು ಹೋಗುತ್ತಾರೆ ಅಂತ ಅರ್ಥ. ತಿಂಗಳ ಗಿರಾಕಿಗಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಮೂರು, ನೀರಿನ ಜಾಗ. ಕೈ ತೊಳೆಯುವ ಬೇಸಿನ್, ಕುಡಿಯುವ ನೀರಿನ ಡ್ರಮ್ಮಿನ ಮುಚ್ಚಳ, ತಾಟು ತೊಳೆಯುವ ಜಾಗ ನೋಡಿದರೆ ಅಡುಗೆಮನೆ ನೋಡಿದಂಗೆ.

ನಾಲ್ಕು, ದರಪಟ್ಟಿ. ಊಟ ಅಂದರೆ ಎಷ್ಟು ರೊಟ್ಟಿ, ಮೇಲೆ ಬೇಕಾದರೆ ಒಂದಕ್ಕೆ ಎಷ್ಟು, ಅನ್ನ ಎರಡನೇ ಸಲ ಹಾಕುತ್ತಾರೋ ಇಲ್ಲವೋ, ಮೊಸರಿಗೆ ಬೇರೆ ದುಡ್ಡೋ. ಕೂರುವ ಮೊದಲೇ ಕೇಳಿದರೆ ಯಾರೂ ಬೇಜಾರಾಗುವುದಿಲ್ಲ.

ಐದು, ಹೊತ್ತು. ಹನ್ನೆರಡೂವರೆಯಿಂದ ಒಂದೂವರೆಯೊಳಗೆ ಹೋದರೆ ಎಲ್ಲಾ ಬಿಸಿ ಇರುತ್ತದೆ. ಮೂರಕ್ಕೆ ಹೋದರೆ ಪಲ್ಯೆ ತಳ ಹತ್ತಿರುತ್ತದೆ, ರೊಟ್ಟಿ ಆರಿರುತ್ತದೆ. ಇದರಲ್ಲಿ ಖಾನಾವಳಿಯವರ ತಪ್ಪು ಏನೂ ಇಲ್ಲ.

ತಾಟು ಹೇಳೋ ಮಾತು

ರೊಟ್ಟಿಯ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಹೇಳಿಕೊಡುವ ಅಗತ್ಯ ಇಲ್ಲ. ಹಿಂಗಾರಿ ಬಿಳಿಜೋಳ ಬೆಳೆಯುವ ಎರೆಹೊಲ ನಮ್ಮವು. ಹೊಸ ಜೋಳವೋ ಹಳೇ ಹಿಟ್ಟೋ ಅನ್ನೋದು ಮೊದಲ ತುತ್ತಿನಲ್ಲೇ ತಿಳಿಯುತ್ತದೆ. ಹಿಟ್ಟು ಹಳತಾದರೆ ಕಹಿ ಬರುತ್ತದೆ, ಜಿಗಿ ಹೋಗಿ ರೊಟ್ಟಿ ಅಂಚಿಗೆ ಒಡೆಯುತ್ತದೆ.

ಪಲ್ಯೆ ನೋಡಿ ಖಾನಾವಳಿಯ ಮನಸ್ಸು ಹೇಳಬಹುದು. ದಿನಾ ಅದೇ ಆಲೂಗಡ್ಡೆ ಇದ್ದರೆ ಮಾರ್ಕೆಟ್ಟಿಗೆ ಹೋಗಲು ಬ್ಯಾಸರ ಅಂತ ಅರ್ಥ. ಒಂದು ದಿನ ಮಡಕಿ ಕಾಳು, ಒಂದು ದಿನ ಹೆಸರು, ಎಣ್ಣೆಗಾಯಿ ಬದನೆಕಾಯಿ, ಝುಣಕ, ಪುಂಡಿ ಪಲ್ಯೆ, ಹೀಗೆ ಬದಲಾಗುತ್ತಿದ್ದರೆ ಅಲ್ಲಿ ಅಡುಗೆ ಮಾಡುವವರು ಮುಂಜಾನೆ ಸಂತೆ ನೋಡಿ ಬಂದವರು. ಕಾಳು ಪಲ್ಯೆ ಹಿಂದಿನ ರಾತ್ರಿಯೇ ನೆನೆಹಾಕಬೇಕಾದ ಕೆಲಸ, ಅವಸರದಲ್ಲಿ ಆಗುವಂಥದ್ದಲ್ಲ.

ಬದಿಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಯಲ್ಲಿ ಒಂದಾದರೂ ಇರಬೇಕು. ಹಸಿ ಉಳ್ಳಾಗಡ್ಡಿ, ಸವತೀಕಾಯಿ, ಮೆಂತೆ ಸೊಪ್ಪಿನ ನಾಲ್ಕು ಎಲೆ. ಪ್ರಯಾಣದಲ್ಲಿದ್ದು ಹೊಟ್ಟೆಯ ಮೇಲೆ ನಂಬಿಕೆ ಇಲ್ಲದವರು ಹಸಿ ತರಕಾರಿ ಅವತ್ತಿಗೆ ಬಿಡುವುದು ಲೇಸು. ಬಿಸಿ ಇದ್ದದ್ದನ್ನು ತಿನ್ನಿ.

ಚಹಾದಂಗಡಿ: ಐದು ನಿಮಿಷದ ಚಹಾ, ಊರಿನ ಸುದ್ದಿ

ಹೊಸ ಊರಲ್ಲಿ ಮೊದಲು ಹುಡುಕಬೇಕಾದದ್ದು ಊಟದ ಜಾಗಕ್ಕಿಂತ ಚಹಾದ ಜಾಗ ಅಂತ ಅನುಭವಸ್ಥರು ಹೇಳುತ್ತಾರೆ. ಕಾರಣ ಇದೆ. ಚಹಾದಂಗಡಿಯಲ್ಲಿ ಅರ್ಧ ಚಹಾಕ್ಕೆ ಕುಂತರೆ ಆಫೀಸಿನ ಸಾಹೇಬರು ಯಾವಾಗ ಸಿಗುತ್ತಾರೆ, ಯಾವ ರೂಮ್ ಖಾಲಿ ಇದೆ, ಕಡೆಯ ಬಸ್ ಎಷ್ಟಕ್ಕೆ ಅನ್ನೋದೆಲ್ಲ ತಿಳಿಯುತ್ತದೆ. ಖಾನಾವಳಿಯ ವಿಳಾಸವೂ ಅಲ್ಲೇ ಸಿಗುತ್ತದೆ.

ಕಪ್ಪು-ಬಶಿಯಲ್ಲಿ ಚಹಾ ಕೊಡುವ ಅಂಗಡಿಗಳು ಕಡಿಮೆಯಾಗುತ್ತಿವೆ. ಕಾಗದದ ಕಪ್ಪು ಬಂದಿದೆ. ಗಾಜಿನ ಗ್ಲಾಸ್ ಇದ್ದರೆ ಬಿಸಿನೀರಿನಲ್ಲಿ ತೊಳೆಯುತ್ತಾರೋ ಒಂದೇ ಬಕೀಟಿನಲ್ಲಿ ಅದ್ದುತ್ತಾರೋ ನೋಡಿಕೊಳ್ಳಿ.

ಕಾಫಿಯ ಮಾತು ಬಂದರೆ ನಮ್ಮ ರಾಜ್ಯದ್ದೇ ಒಂದು ಕಥೆ ಹೇಳಬೇಕು. ಕಾಫಿ ಬೆಳೆಯೋದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಅದನ್ನು ದೇಶದ ಮಂದಿಗೆ ರೂಢಿ ಮಾಡಿಸಲು ಕಾಫಿ ಮಂಡಳಿ ಅಲ್ಲಲ್ಲಿ ಕಾಫಿ ಹೌಸ್ ನಡೆಸುತ್ತಿತ್ತು. 1950ರ ದಶಕದಲ್ಲಿ ಅವನ್ನು ಮುಚ್ಚಲು ಹೊರಟಾಗ ಕೆಲಸಗಾರರು ಬೀದಿಗೆ ಬಿದ್ದರು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಒತ್ತಾಸೆಯಿಂದ ಕೆಲಸಗಾರರೇ ಸಹಕಾರಿ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆಯಿತು. ಬಡಿಸುವವರೇ ಮಾಲೀಕರಾದರು. ಬೆಂಗಳೂರಿನ ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಜಾಗ ಬಿಡಬೇಕಾಗಿ ಬಂದಾಗ ಚರ್ಚ್ ಸ್ಟ್ರೀಟ್‌ಗೆ ಹೋಯಿತು. ಹಳೇ ಗಿರಾಕಿಗಳು ಅಲ್ಲಿಗೂ ಹುಡುಕಿಕೊಂಡು ಹೋದರು. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದ ಜಿಲ್ಲೆ ನಮ್ಮದು. ಸಹಕಾರದಿಂದ ಒಂದು ಕಾಫಿ ಅಂಗಡಿಯೂ ಉಳಿಯಬಹುದು ಅಂದರೆ ನಮಗೆ ಆಶ್ಚರ್ಯ ಆಗಬಾರದು.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನವೂ ಹಾಗೇ. 1943ರಲ್ಲಿ ಶುರುವಾದಾಗ ಅದು ಹೆಸರೇ ಹೇಳುವಂಗೆ ಸುತ್ತಲಿನ ಸಾಲಿ ಹುಡುಗರ ತಿಂಡಿಯ ಜಾಗ. ಇವತ್ತು ದೂರದಿಂದ ಬಂದು ಸಾಲು ನಿಲ್ಲುತ್ತಾರೆ. ಹೆಸರುವಾಸಿ ಜಾಗಗಳೆಲ್ಲ ಮೊದಲು ಒಂದು ಓಣಿಯ ಜಾಗಗಳೇ.

ದರ ಯಾಕ ಏರ್ತದ

"ಹೋದ ವರ್ಷ ಇಷ್ಟಿದ್ದಿಲ್ಲಲ್ರಿ" ಅಂತ ಗಲ್ಲೆಯ ಮುಂದೆ ವಾದ ಮಾಡುವವರು ಇದ್ದೇ ಇರುತ್ತಾರೆ. ಖಾನಾವಳಿಯ ಖರ್ಚು ನೋಡಿ: ಗ್ಯಾಸ್ ಸಿಲಿಂಡರ್, ಎಣ್ಣೆ, ಜೋಳ, ಬಾಡಿಗೆ, ಕರೆಂಟು. ಎಲ್ಲಕ್ಕಿಂತ ದೊಡ್ಡ ಚಿಂತೆ ರೊಟ್ಟಿ ಬಡಿಯುವ ಕೈ. ಬೆಂಕಿಯ ಮುಂದೆ ತಾಸುಗಟ್ಟಲೆ ಕುಂತು ರೊಟ್ಟಿ ಮಾಡುವ ಹೆಣ್ಣುಮಕ್ಕಳು ಸಿಗೋದು ಕಷ್ಟ. ಸಿಕ್ಕರೂ ಅವರ ದುಡಿಮೆಗೆ ತಕ್ಕ ಕೂಲಿ ಕೊಡಲೇಬೇಕು.

ದರವನ್ನು ಬಲವಂತದಿಂದ ಇಳಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಬೆಂಗಳೂರಿನ ಎಂಟಿಆರ್ ಉದಾಹರಣೆ. 1924ರಲ್ಲಿ ಮಯ್ಯ ಸಹೋದರರು ಶುರು ಮಾಡಿದ ಹೋಟೆಲ್ ಅದು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರಕಾರ ತಿಂಡಿಯ ದರಕ್ಕೆ ಮಿತಿ ಹಾಕಿತು. ಅವರು ಗುಣಮಟ್ಟ ಇಳಿಸಲು ಒಪ್ಪಲಿಲ್ಲ, ಲುಕ್ಸಾನಿನಲ್ಲಿ ಮಾರಿ ಆ ಲುಕ್ಸಾನನ್ನು ಬೋರ್ಡಿನ ಮೇಲೆ ಬರೆದು ಹಾಕಿದರು, ಕಡೆಗೆ ಹೋಟೆಲನ್ನೇ ಕೆಲಕಾಲ ಮುಚ್ಚಿದರು. ಅವರು ಹಿಟ್ಟು, ಮಸಾಲೆ ಪುಡಿ ಮಾರುವ ಧಂದೆಯ ಕಡೆ ಹೊರಳಿದ್ದು ಆಗಲೇ. ದೊಡ್ಡವರಿಗೆ ಇನ್ನೊಂದು ದಾರಿ ಸಿಕ್ಕಿತು. ಓಣಿಯ ಖಾನಾವಳಿಗೆ ಅಂಥ ದಾರಿ ಇರೋದಿಲ್ಲ. ಅದು ಒಂದೋ ಎಣ್ಣೆಯಲ್ಲಿ ಕಡಿಮೆ ಮಾಡುತ್ತದೆ, ಇಲ್ಲಾ ಬಾಗಿಲು ಹಾಕುತ್ತದೆ. ಸುತ್ತಲಿನ ಎಲ್ಲರಿಗಿಂತ ಬಹಳ ಸೋವಿ ಕೊಡುವ ಜಾಗ ಕಂಡರೆ ಖುಷಿಪಡುವ ಮೊದಲು ಒಮ್ಮೆ ವಿಚಾರ ಮಾಡಿ.

ಇನ್ನು ದುಡ್ಡು ಕೊಡುವ ರೀತಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ರಾಜ್ಯದಲ್ಲಿ ಎಷ್ಟೋ ಅಂಗಡಿಯವರು "ಯುಪಿಐ ಇಲ್ಲ, ನಗದು ಮಾತ್ರ" ಅಂತ ಬೋರ್ಡ್ ಹಾಕಿದ್ದರು. ಫೋನ್‌ಪೇ ಇದೆ ಅಂತ ಬರಿಗೈಲಿ ಹೋಗಬ್ಯಾಡ್ರಿ, ಎರಡು ಊಟಕ್ಕಾಗುವಷ್ಟು ಚಿಲ್ಲರೆ ನೋಟು ಕಿಸೆಯಲ್ಲಿರಲಿ.

ಕಾಯ್ದೆ ಏನು ಹೇಳುತ್ತದೆ

ಚಹಾದ ಗಾಡಿಯಿಂದ ಹಿಡಿದು ದೊಡ್ಡ ಹೋಟೆಲಿನವರೆಗೆ ಊಟ-ತಿಂಡಿ ಮಾರುವ ಎಲ್ಲರೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ನೋಂದಣಿ ಅಥವಾ ಲೈಸೆನ್ಸ್ ಮಾಡಿಸಬೇಕು. ಎಫ್‌ಎಸ್‌ಎಸ್‌ಎಐ ಕೊಡುವ ಈ ನಂಬರಿನಲ್ಲಿ 14 ಅಂಕಿ ಇರುತ್ತವೆ. ಅದನ್ನು ಗಿರಾಕಿಗೆ ಕಾಣುವಂಗೆ ಹಾಕಬೇಕು.

2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಅದೇ ನಿಯಮ ಬಂತು. ಕೆಂಪಗೆ ಹೊಳೆಯುವ ಗೋಬಿ ಕಂಡರೆ ಮಕ್ಕಳು ಕೈ ಜಗ್ಗುತ್ತಾರೆ, ದೊಡ್ಡವರು ಗಟ್ಟಿ ಇರಬೇಕು. 2025ರಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕುವುದನ್ನೂ ತಡೆಯಲಾಯಿತು. ಬಿಸಿಗೆ ಪ್ಲಾಸ್ಟಿಕ್ ಕರಗಿ ಆಹಾರದೊಳಗೆ ಸೇರುತ್ತದೆ ಅನ್ನೋದು ಕಾರಣ. ಭಜಿ, ಮಿರ್ಚಿಯನ್ನು ಪೇಪರಿನಲ್ಲಿ ಕಟ್ಟುವುದಕ್ಕೂ ನಿಯಮದಲ್ಲಿ ಅವಕಾಶ ಇಲ್ಲ, ಎಣ್ಣೆಗೆ ಮಸಿ ಹತ್ತುತ್ತದೆ. "ಅಣ್ಣಾ, ಎಲ್ಯಾಗ ಕೊಡ್ರಿ, ಇಲ್ಲಾ ಪ್ಲೇಟಿನ್ಯಾಗ ಹಾಕ್ರಿ" ಅಂದರೆ ಸಾಕು, ಜಗಳ ಬೇಕಿಲ್ಲ. ಸುಧಾರಿಸದ ಜಾಗವಾದರೆ "ಫುಡ್ ಸೇಫ್ಟಿ ಕನೆಕ್ಟ್" ಆ್ಯಪಿನಲ್ಲಿ ದೂರು ಕೊಡಬಹುದು, ಇಲ್ಲವೇ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಬರೆದುಕೊಡಬಹುದು.

ಹೆಣ್ಣುಮಕ್ಕಳು ಎಲ್ಲಿ ಉಣ್ಣಬೇಕು

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳ ಬಸ್ ಪ್ರಯಾಣ ಹೆಚ್ಚಿದೆ. ದವಾಖಾನೆ, ಬ್ಯಾಂಕ್, ಸಂತೆ ಅಂತ ಒಬ್ಬೊಬ್ಬರೇ ಹೋಗಿ ಬರುತ್ತಾರೆ. ಆದರೆ ಒಬ್ಬರೇ ಹೋಟೆಲಿನೊಳಗೆ ಹೋಗಿ ಕುಂತು ಉಣ್ಣಲು ಇನ್ನೂ ಹಿಂಜರಿಕೆ ಇದೆ. ಮುಂಜಾನೆ ಊರು ಬಿಟ್ಟವರು ಸಂಜೆ ಮನೆಗೆ ಬಂದೇ ಉಣ್ಣುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ, ಬಸುರಿಯರಿಗೆ ಇದು ಆಟದ ಮಾತಲ್ಲ.

ಇಂಥವರಿಗೆ ಹೆಣ್ಣುಮಕ್ಕಳೇ ನಡೆಸುವ ಖಾನಾವಳಿ, ರೊಟ್ಟಿ ಕೇಂದ್ರ ಹೊಂದುತ್ತವೆ. ಗಂಡ ಗಲ್ಲೆಯ ಮೇಲೆ, ಹೆಂಡತಿ ಒಲೆಯ ಮುಂದೆ, ಮಗಳು ಬಡಿಸಲು ಅನ್ನುವಂಥ ಮನೆ ಖಾನಾವಳಿಗಳು ಹಳೇ ಓಣಿಗಳಲ್ಲಿ ಇರುತ್ತವೆ. ಸ್ವಸಹಾಯ ಸಂಘದ ಮಹಿಳೆಯರು ನಡೆಸುವ ಅಕ್ಕ ಕೆಫೆಗಳೂ ರಾಜ್ಯದಲ್ಲಿ ಶುರುವಾಗಿವೆ. "ಅಕ್ಕಾರ, ಒಬ್ಬಾಕಿನ ಅದೀನಿ, ಒಳಗ ಕೂಡಲೇನ್ರಿ?" ಅಂತ ಕೇಳಿದರೆ ಅಡುಗೆಮನೆಯ ಹತ್ತಿರ ಜಾಗ ಮಾಡಿಕೊಡುತ್ತಾರೆ. ಧಾರವಾಡ, ಹುಬ್ಬಳ್ಳಿಗೆ ಮಗಳನ್ನು ಓದಲು ಕಳಿಸುವ ತಂದೆ-ತಾಯಿ ರೂಮಿನ ಬಾಡಿಗೆ ಒಂದೇ ಕೇಳಿ ಬರಬಾರದು. ಆ ಓಣಿಯ ಖಾನಾವಳಿಯಲ್ಲಿ ತಾವೂ ಒಂದು ಊಟ ಮಾಡಿ ನೋಡಿ ಬರಬೇಕು.

ಕಿಸೆ ಖಾಲಿ ಇದ್ದಾಗ

ದವಾಖಾನೆಯ ಖರ್ಚಿನಲ್ಲಿ ಊಟಕ್ಕೂ ದುಡ್ಡು ಉಳಿಯದ ದಿನ ಬರುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಆಮೇಲೆ ಬೇರೆ ಊರುಗಳಿಗೂ ಬಂತು. ಅಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಸಾಲು ಬೇಗ ಮುಗಿಯುತ್ತದೆ, ಹೊತ್ತಿಗೆ ಸರಿಯಾಗಿ ಹೋಗಬೇಕು. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ದಾಸೋಹ ಇದೆ. ಡಂಬಳದ ತೋಂಟದಾರ್ಯ ಮಠದಲ್ಲಿ ರೊಟ್ಟಿ ಜಾತ್ರೆ ಮಾಡಿ ಊರಿಗೆಲ್ಲ ರೊಟ್ಟಿ-ಭಜ್ಜಿ-ಕರಿಂಡಿ ನೀಡುವ ಜಿಲ್ಲೆ ನಮ್ಮದು. ಉಂಡು ಬಂದು, ಕೈ ನಡೆದಾಗ ಒಂದು ಚೀಲ ಜೋಳ ಕೊಟ್ಟರಾಯಿತು.

ಸಿಕ್ಕ ಜಾಗ ನಿಮ್ಮ ಹತ್ತಿರವೇ ಇಟ್ಕೋಬ್ಯಾಡ್ರಿ

ಓಣಿಯ ಖಾನಾವಳಿಗೆ ಜಾಹೀರಾತು ಇಲ್ಲ, ಅದು ಬದುಕೋದು ಬಾಯಿಮಾತಿನ ಮೇಲೆ. ಚಲೋ ಅನಿಸಿದರೆ ಗಲ್ಲೆಯಲ್ಲಿ ದುಡ್ಡು ಕೊಡುವಾಗ ಒಂದು ಮಾತು ಹೇಳಿ, ಫೋನ್ ನಂಬರ್ ಕೇಳಿ ಇಟ್ಟುಕೊಳ್ಳಿ. ಮುಂದಿನ ಸಲ ನಾಲ್ಕು ಮಂದಿ ಹೋಗುವುದಿದ್ದರೆ ಮುಂಜಾನೆಯೇ ಫೋನ್ ಮಾಡಿದರೆ ಅವರಿಗೂ ಹಿಟ್ಟಿನ ಅಂದಾಜು ಸಿಗುತ್ತದೆ, ನಿಮಗೂ ಬಿಸಿ ರೊಟ್ಟಿ ಸಿಗುತ್ತದೆ. ಸರಿ ಇಲ್ಲದಿದ್ದರೆ ಅದನ್ನೂ ಅವರಿಗೇ ಹೇಳಿ. "ಯಜಮಾನ್ರ, ಇವತ್ತ ಸಾರು ಹುಳಿ ಆಗೇದ" ಅಂದರೆ ತಿಳಿದವರು ಸಿಟ್ಟಾಗೋದಿಲ್ಲ.

ಊರಲ್ಲಿ ನಾವು ಮಾಡಬಹುದಾದ ಕೆಲಸ ಒಂದಿದೆ. ನಮ್ಮ ಒಂದೊಂದು ಓಣಿಯಲ್ಲೂ ಹುಬ್ಬಳ್ಳಿ ದವಾಖಾನೆಯಲ್ಲಿ ವಾರಗಟ್ಟಲೆ ಇದ್ದು ಬಂದವರು, ಧಾರವಾಡದಲ್ಲಿ ಓದಿ ಬಂದವರು, ಗದಗಿಗೆ ದಿನಾ ಓಡಾಡುವವರು ಇದ್ದಾರೆ. ಯಾವ ದವಾಖಾನೆಯ ಹತ್ತಿರ ಯಾವ ಖಾನಾವಳಿ, ರಾತ್ರಿ ಎಷ್ಟರ ತನಕ, ಒಂದು ಊಟಕ್ಕೆ ಎಷ್ಟು ಅನ್ನೋದು ಅವರ ತಲೆಯಲ್ಲಿದೆ. ಅದನ್ನು ಒಂದು ಹಾಳೆಯ ಮೇಲೆ ಬರೆದು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದರೆ, ಮುಂದಿನ ಸಲ ರಾತ್ರಿ ಅವಸರದಲ್ಲಿ ಪೇಷಂಟ್ ಕರೆದುಕೊಂಡು ಹೋದವರು ಚಹಾ-ಬಿಸ್ಕೀಟಿನ ಮೇಲೆ ನಾಲ್ಕು ದಿನ ಕಳೆಯುವುದು ತಪ್ಪುತ್ತದೆ. ಹಾಳೆಗೆ ತಾರೀಖು ಹಾಕಿ, ದರ ಬದಲಾದಾಗ ತಿದ್ದಿ. ಖಾನಾವಳಿ ಮುಚ್ಚಿದ್ದರೆ ಹೆಸರು ತೆಗೆದುಹಾಕಿ.